ನಿಲ್ಲಿಸಭಾರದು

ಜೂನ್ ೩, ಬುಧವಾರ

ಬಸ್ ನಿಲ್ದಾಣದ ಕಂಬಕ್ಕೆ ನೋಟಿಸ್ ಅಂಟಿಸಿ ಹೋಗಿದ್ದಾರೆ. ಅಂಟಿಸಿದವರನ್ನು ಯಾರೂ ನೋಡಿಲ್ಲ. ಈ ಬೀದಿಯಲ್ಲಿ ಕೆಟ್ಟದ್ದೆಲ್ಲ ಹೀಗೇ ಬರುವುದು. ಅಂಚೆ ಪೆಟ್ಟಿಗೆ ಕಿತ್ತುಕೊಂಡು ಹೋದಾಗಲೂ ಹೀಗೇ, ಮೂಲೆಯ ನಲ್ಲಿ ತೆಗೆದಾಗಲೂ ಹೀಗೇ. ಬೆಳಿಗ್ಗೆ ಎದ್ದು ನೋಡಿದರೆ ನೆಲದಲ್ಲೊಂದು ಗುಂಡಿ, ಸುತ್ತ ನಾಲ್ಕು ಜನ, ಎಲ್ಲರ ಬಾಯಲ್ಲೂ ‘ಅಯ್ಯೋ’. ಒಂದು ವಾರಕ್ಕೆ ಎಲ್ಲರೂ ಮರೆಯುತ್ತಾರೆ. ನಾನು ಮರೆಯುವುದಿಲ್ಲ. ಅದೇ ನನ್ನ ರೋಗ ಎನ್ನುತ್ತಾಳೆ ಅಕ್ಕ.

‘ಸಂಚಾರ ಸುಗಮಗೊಳಿಸುವ ಉದ್ದೇಶದಿಂದ’ ನಿಲ್ದಾಣವನ್ನು ಹೆದ್ದಾರಿಯ ಆಚೆ ಬದಿಗೆ ಒಯ್ಯುತ್ತಾರಂತೆ. ಆಕ್ಷೇಪಣೆ ಇದ್ದವರು ಹತ್ತೊಂಬತ್ತನೇ ತಾರೀಖು ಮಧ್ಯಾಹ್ನದೊಳಗೆ ಕಚೇರಿಗೆ ತಂದು ಕೊಡಬೇಕು. ಮುದ್ರಿತ ಪ್ರತಿ ಮಾತ್ರ, ‘ಕೈಬರಹವನ್ನು ಸ್ವೀಕರಿಸಲಾಗುವುದಿಲ್ಲ’. ಜನ ಕೈಯಿಂದ ಬರೆದದ್ದು ಬರಹವೇ ಅಲ್ಲ ಎಂದು ತೀರ್ಮಾನಿಸಿದ ಆ ಮಹಾನುಭಾವ ಯಾರು?

ಅಕ್ಕನಿಗೆ ಓದಿ ಹೇಳಿದೆ. ಹೋದ ವರ್ಷ ಬಿದ್ದು ತೊಡೆಯ ಮೂಳೆ ಮುರಿದುಕೊಂಡವಳು, ಈಗ ದಿನ ಬಿಟ್ಟು ದಿನ ಆ ಬಸ್ಸಿನಲ್ಲೇ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಿ ಬರುತ್ತಾಳೆ. ಗಾಲಿಕುರ್ಚಿಯಿಂದ ಕೋಲಿನವರೆಗೆ ಬಂದಿದ್ದಾಳೆ. ವ್ಯಾಯಾಮ ನಿಂತರೆ ಮತ್ತೆ ಕುರ್ಚಿಗೇ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ.

“ಆಚೆ ಬದಿಗೆ ಹೋಯ್ತು ಅಂದ್ರೆ ನನ್ನ ಕೈಲಾಗಲ್ಲಪ್ಪ,” ಎಂದಳು. “ಆ ರಸ್ತೆ ದಾಟೋದ್ರೊಳಗೆ ನಾನೇ ದಾಟಿಹೋಗ್ತೀನಿ.”

“ಟ್ಯಾಕ್ಸಿ ಮಾಡ್ಕೊಂಡು ಹೋದ್ರಾಯ್ತು.”

“ಟ್ಯಾಕ್ಸಿಯವನು ನನ್ನ ಮೂಟೆ ಥರ ಇಳಿಸಿ ಹೋಗ್ತಾನೆ. ಬಸ್ಸಲ್ಲಿ ನಾನು ಮನುಷ್ಯಳು ಕಣೋ.”

ನಾನು ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಸಂಪಾದಕರ ವಾಕ್ಯಕ್ಕೇ ಕೆಂಪು ಶಾಯಿ ಹಚ್ಚಿದವನು. ಒಂದು ಪುಟದ ಆಕ್ಷೇಪಣೆ ನನಗೆ ಯಾವ ಲೆಕ್ಕ?

ಜೂನ್ ೪, ಗುರುವಾರ

ಬೆಳಿಗ್ಗೆಯೆಲ್ಲ ಕೂತು ಕಂಪ್ಯೂಟರಿನಲ್ಲಿ ಬರೆದೆ. ಚೆನ್ನಾಗಿ ಬಂದಿದೆ ಅನ್ನಿಸುತ್ತದೆ. ಎರಡನೇ ಪರಿಚ್ಛೇದದಿಂದ ಒಂದು ವಾಕ್ಯವನ್ನು ತೆರೆ ನೋಡಿಕೊಂಡೇ ಇಲ್ಲಿ ನಕಲು ಮಾಡಿಟ್ಟುಕೊಳ್ಳುತ್ತೇನೆ: ‘ಈ ಬೀದಿಯ ವೃದ್ದರು, ರೋಗಿಗಳು ಮತ್ತು ಎಳೆಯ ಮಕ್ಕಳ ತಾಯಂದಿರು ಹೆದ್ದಾರಿ ದಾಟಿ ಬಸ್ಸು ಹಿಡಿಯಲಿ ಎಂದು ಬಯಸುವವರು, ಅವರು ಬಸ್ಸು ಹಿಡಿಯದಿರಲಿ ಎಂದೇ ಬಯಸುವವರು.’ ಇದಕ್ಕೆ ಉತ್ತರ ಕೊಡಲಿ ನೋಡೋಣ.

ನಾಲ್ಕನೇ ಪರಿಚ್ಛೇದದಲ್ಲಿ ಇದರ ಹಿಂದೆ ಯಾರಿದ್ದಾರೆಂದು ಸ್ಪಷ್ಟವಾಗಿ ಬರೆದಿದ್ದೇನೆ. ಇರುವುದು ಪಕ್ಕದ ಮನೆಯವಳು, ನಾನು ‘ಭಾರದು’ ಎಂದು ಕರೆಯುವವಳು. ಅವಳು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ನಿಲ್ದಾಣ ಹೋದರೆ ಅಲ್ಲಿ ತನ್ನ ಕಾರು ನಿಲ್ಲಿಸಬಹುದು. ಇಷ್ಟು ಸಾಕಲ್ಲ ಕಾರಣ?

ಅವಳಿಗೆ ಆ ಹೆಸರು ಬಂದದ್ದು ಅವಳ ಗೇಟಿನಿಂದಲೇ. ‘ಇಲ್ಲಿ ವಾಹನ ನಿಲ್ಲಿಸಭಾರದು’ ಎಂದು ಕಪ್ಪು ಬಣ್ಣದಲ್ಲಿ ಬರೆಸಿದ್ದಾಳೆ. ಬಾರದು ಎನ್ನುವುದರಲ್ಲಿ ಮಹಾಪ್ರಾಣ ಎಲ್ಲಿಂದ ಬಂತು? ಬಡಪಾಯಿ ‘ಬ’ದ ಹೊಟ್ಟೆ ಸೀಳಿ ‘ಭ’ ಮಾಡಿಟ್ಟಿದ್ದಾಳೆ. ಒಂದು ವರ್ಷ ಸಹಿಸಿದೆ. ಒಂದು ಬೆಳಿಗ್ಗೆ ಬ್ಲೇಡು ತೆಗೆದುಕೊಂಡು ಹೋಗಿ ಆ ಸೀಳನ್ನಷ್ಟೇ ನಾಜೂಕಾಗಿ ಕೆರೆದು ತೆಗೆದೆ. ಉಪಕಾರ ಮಾಡಿದೆ. ಅವಳು ಬೀದಿಯೇ ಕೇಳುವಂತೆ ಕಿರುಚಾಡಿದಳು. ಮರುದಿನ ಆ ಸೀಳನ್ನು ಮೊದಲಿಗಿಂತ ದಪ್ಪಗೆ ಬರೆಸಿದಳು. ಅಂದಿನಿಂದ ನಮಗೆ ಮಾತಿಲ್ಲ. ಏನಾದರೂ ಹೇಳುವುದಿದ್ದರೆ ಇಬ್ಬರೂ ಬೇರೆ ಯಾರಿಗೋ ಹೇಳುವಂತೆ ಗಟ್ಟಿಯಾಗಿ ಹೇಳುತ್ತೇವೆ.

ನಾಳೆ ಮುದ್ರಿಸಬೇಕು. ತೆರೆಯ ಮೇಲೆ ತಪ್ಪು ಕಾಣುವುದಿಲ್ಲ. ಕಾಗದದ ಮೇಲೆ ಬಂದ ಮೇಲೆಯೇ ಕಣ್ಣಿಗೆ ಬೀಳುವುದು. ತಾನು ಬರೆದದ್ದನ್ನು ತಾನೇ ತಿದ್ದಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ನಿಯಮ. ಆದರೆ ಬೇರೆ ಯಾರಿದ್ದಾರೆ?

ಜೂನ್ ೫, ಶುಕ್ರವಾರ

ಮುದ್ರಿಸು ಎಂದು ಒತ್ತಿದೆ. ಪ್ರಿಂಟರ್ ಒಮ್ಮೆ ನರಳಿತು, ಕಾಗದವನ್ನು ಅರ್ಧ ನುಂಗಿತು, ಕೆಂಪು ದೀಪ ಮಿಟುಕಿಸಿತು. ಮತ್ತೆ ಒತ್ತಿದೆ. ಮತ್ತೆ ಮತ್ತೆ ಒತ್ತಿದೆ. ಕಂಪ್ಯೂಟರಿನಲ್ಲಿ ‘ಮುದ್ರಣ ಸರದಿ’ ಎಂಬ ಕಿಟಕಿ ತೆರೆಯಿತು. ನಾನು ಒತ್ತಿದಷ್ಟೂ ಅಲ್ಲಿ ಒಂದರ ಕೆಳಗೊಂದು ನಿಂತಿವೆ. ಮೊದಲನೆಯದರ ಮುಂದೆ ‘ದೋಷ’. ಯಾವ ದೋಷ? ಅಷ್ಟೇ. ಬರೀ ದೋಷ. ನಾನು ಕರಡಿನ ಅಂಚಿನಲ್ಲಿ ‘ತಪ್ಪು’ ಎಂದಷ್ಟೇ ಬರೆದು ಕಳಿಸಿದ್ದರೆ ಅಕ್ಷರ ಜೋಡಿಸುವವರು ನನ್ನನ್ನು ಅಟ್ಟಿಸಿಕೊಂಡು ಬರುತ್ತಿದ್ದರು.

ಸಿಕ್ಕಿಕೊಂಡ ಕಾಗದವನ್ನು ಅಕ್ಕ ಚಿಮಟದಿಂದ ಎಳೆದು ತೆಗೆದಳು. ದೋಷ ಹೋಗಲಿಲ್ಲ. ರದ್ದು ಮಾಡು ಎಂದೆ. ‘ಅಳಿಸಲಾಗುತ್ತಿದೆ’ ಎಂದಿತು. ಊಟ ಮಾಡಿ ಬಂದೆ, ಅಳಿಸಲಾಗುತ್ತಿತ್ತು. ಮಲಗಿ ಎದ್ದೆ, ಇನ್ನೂ ಅಳಿಸಲಾಗುತ್ತಲೇ ಇತ್ತು. ಕಚೇರಿಗಳ ‘ಪರಿಶೀಲಿಸಲಾಗುತ್ತಿದೆ’ ಎಂಬ ಮಾತಿನ ಹೊಟ್ಟೆಯಲ್ಲೇ ಹುಟ್ಟಿದ್ದಿರಬೇಕು ಇದು.

“ಪಕ್ಕದ ಮನೇಲಿ ಇದೇ ಮಿಷನ್ನು ಎಷ್ಟು ಚೆನ್ನಾಗಿ ಓಡತ್ತೆ. ಅವಳು ಹೇಳಿದ್ದಕ್ಕೇ ಅದನ್ನೇ ತಗೊಂಡಿದ್ದು,” ಎಂದಳು ಅಕ್ಕ.

“ಅವಳ ಹತ್ರ ನಿನಗೇನು ಮಾತು?”

“ಇಂಟರ್ನೆಟ್ಟು ಇಬ್ಬರಿಗೂ ಒಂದೇ ಪೆಟ್ಟಿಗೆಯಿಂದ ಬರತ್ತೆ, ಗೋಡೆನೂ ಒಂದೇ. ಮೂತಿ ತಿರುಗಿಸ್ಕೊಂಡು ಇರೋಕೆ ನಾನೇನು ವ್ಯಾಕರಣ ಓದಿದೀನಾ?”

ಜೂನ್ ೬, ಶನಿವಾರ

ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಸರದಿಯಲ್ಲಿ ಎಲ್ಲರೂ ಹಾಗೇ ನಿಂತಿದ್ದಾರೆ, ಒಬ್ಬನೂ ಮನೆಗೆ ಹೋಗಿಲ್ಲ.

ಜೂನ್ ೮, ಸೋಮವಾರ

ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. ಅವನ ಕಂಪ್ಯೂಟರಿನಲ್ಲಿ ನನ್ನ ಅಕ್ಷರಗಳೆಲ್ಲ ಖಾಲಿ ಚೌಕಗಳಾಗಿ ಕೂತವು. ಪುಟದ ತುಂಬ ಕಿಟಕಿಗಳು, ಮನೆ ಇಲ್ಲ.

“ನಮ್ಮಲ್ಲಿ ಆ ಫಾಂಟ್ ಇಲ್ಲ ಸಾರ್. ನಾನೇ ಟೈಪ್ ಮಾಡ್ಕೊಡ್ತೀನಿ ಬಿಡಿ, ಹೇಳಿ.”

ಹೇಳಿದೆ. ಮೊದಲ ಪದಕ್ಕೇ ‘ಆಕ್ಷೆಪಣೆ’ ಎಂದು ಕುಟ್ಟಿದ. ದೀರ್ಘ ಬೇಕು ಎಂದೆ. “ಓದಿದ್ರೆ ಅರ್ಥ ಆಗತ್ತಲ್ಲ ಸಾರ್,” ಎಂದ. ಎದ್ದು ಬಂದೆ. ಓದಿದರೆ ಅರ್ಥವಾಗುತ್ತದಂತೆ! ಈ ಒಂದು ಮಾತಿನಿಂದ ಹಾಳಾದ ಪುಟಗಳನ್ನು ನಾನು ಕಂಡಿದ್ದೇನೆ.

ಮಿಂಚಂಚೆಯಲ್ಲಾದರೂ ಹೋಗಲಿ ಎಂದು ಕಚೇರಿಗೆ ಕಳಿಸಿದೆ. ‘ಸ್ವೀಕರಿಸುವವರ ಪೆಟ್ಟಿಗೆ ತುಂಬಿದೆ’ ಎಂದು ವಾಪಸ್ ಬಂತು. ಬೀದಿಯ ಪೆಟ್ಟಿಗೆ ಕಿತ್ತರು, ಇರುವ ಪೆಟ್ಟಿಗೆ ತುಂಬಿದೆ.

ಜೂನ್ ೯, ಮಂಗಳವಾರ

ಅಕ್ಕನ ಮಗಳಿಗೆ ಫೋನ್ ಮಾಡಿದೆ. ಬೇರೆ ಊರಿನಲ್ಲಿ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಅವಳಿಗೆ. ದಿನವಿಡೀ ವರದಿ ಮುದ್ರಿಸುವವಳು.

“ಮಾವ, ಮೊದಲು ಸ್ಪೂಲರ್ ನಿಲ್ಲಿಸಿ.”

“ಸ್ಪೂಲ್ ಅಂದ್ರೆ ದಾರದ ಉಂಡೆ. ಪ್ರಿಂಟರಿಗೆ ದಾರ ಎಲ್ಲಿಂದ ಬಂತು?”

“ಹಾಗೇ ಅನ್ಕೊಳ್ಳಿ. ದಾರ ಗಂಟಾಗಿದೆ. ಗಂಟು ಬಿಡಿಸ್ಬೇಕಾದ್ರೆ ಮೊದಲು ರಾಟೆ ನಿಲ್ಲಿಸ್ಬೇಕಲ್ವಾ? ಸರ್ವಿಸಸ್ ಅಂತ ಇರತ್ತೆ ನೋಡಿ.”

“ನನ್ನದರಲ್ಲಿ ‘ಸೇವೆಗಳು’ ಅಂತಿದೆ.”

“ಅಯ್ಯೋ, ನಿಮ್ಮದು ಎಲ್ಲಾ ನಮ್ಮ ಭಾಷೇಲೇ ಇದೆಯಾ? ನನಗೆ ಒಂದೂ ಗುರುತು ಸಿಗಲ್ಲ ಮಾವ. ಓದ್ತಾ ಹೋಗಿ.”

ಓದುತ್ತಾ ಹೋದೆ. ಈ ಯಂತ್ರ ನನಗೆ ಇಷ್ಟೊಂದು ಸೇವೆ ಸಲ್ಲಿಸುತ್ತಿದೆ ಎಂದು ಗೊತ್ತಿರಲಿಲ್ಲ. ಕೊನೆಗೆ ಸ್ಪೂಲರ್ ಸಿಕ್ಕಿತು, ನಿಲ್ಲಿಸಿದೆ. ಕಂಪ್ಯೂಟರಿನೊಳಗೆ ಅವಳು ಹೇಳಿದ ಕಪಾಟು ತೆರೆದು ಒಳಗಿದ್ದ ಕಡತಗಳನ್ನೆಲ್ಲ ಆರಿಸಿದೆ. ‘ಶಾಶ್ವತವಾಗಿ ಅಳಿಸಬೇಕೇ?’ ಎಂದು ಕೇಳಿತು. ಏನನ್ನು ಅಳಿಸುತ್ತಿದ್ದೇನೆಂದೇ ಗೊತ್ತಿಲ್ಲದೆ ಶಾಶ್ವತ ಎನ್ನುವ ಮಾತಿಗೆ ಹೂಂ ಅನ್ನುವುದು ಹೇಗೆ?

“ಹೂಂ ಅನ್ನಿ ಮಾವ, ಅದು ಬರೀ ಸರದಿ. ನಿಮ್ಮ ಪತ್ರ ಬೇರೆ ಕಡೆ ಕ್ಷೇಮವಾಗಿದೆ.”

ಹೂಂ ಅಂದೆ. ಸರದಿ ಖಾಲಿಯಾಯಿತು. ಸ್ಪೂಲರ್ ಮತ್ತೆ ಶುರು ಮಾಡಿದೆ. ಈಗ ‘ಪ್ರಿಂಟರ್ ಆಫ್‌ಲೈನ್’ ಎನ್ನುತ್ತಿದೆ. ಕಣ್ಣೆದುರೇ ಕೂತಿದೆ, ದೀಪ ಉರಿಯುತ್ತಿದೆ, ಆದರೆ ಇಲ್ಲವಂತೆ. ಅಷ್ಟರಲ್ಲಿ ಅವಳ ಬಿಡುವು ಮುಗಿಯಿತು. ಪ್ರಿಂಟರನ್ನು ಹೊಸದಾಗಿ ಸೇರಿಸಿಕೊಳ್ಳಿ ಎಂದು ಹೇಳಿ ಇಟ್ಟುಬಿಟ್ಟಳು.

ಜೂನ್ ೧೦, ಬುಧವಾರ

ಹೊಸದಾಗಿ ಸೇರಿಸಲು ಹೋದರೆ ಪಟ್ಟಿಯಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆ. ಅಕ್ಷರ ಅಕ್ಷರವೂ ಒಂದೇ. ಇದು ನನಗೆ ಗೊತ್ತಿರುವ ದೋಷ. ಪದ ಎರಡು ಸಲ ಬಿದ್ದಿದ್ದರೆ ಮೊದಲನೆಯದನ್ನು ಉಳಿಸಿ ಎರಡನೆಯದನ್ನು ಹೊಡೆದುಹಾಕಬೇಕು. ಹೊಡೆದದ್ದು ತಪ್ಪೆಂದು ಆಮೇಲೆ ತಿಳಿದರೆ ಅದರ ಕೆಳಗೆ ಚುಕ್ಕೆಗಳನ್ನಿಟ್ಟು ಅಂಚಿನಲ್ಲಿ ‘ಇರಲಿ’ ಎಂದು ಬರೆಯಬೇಕು. ನಾನು ‘ಇರಲಿ’ ಬರೆದದ್ದು ಬಲು ಅಪರೂಪ.

ಎರಡನೆಯದನ್ನು ತೆಗೆದುಹಾಕಿ ಮೊದಲನೆಯದನ್ನು ಸೇರಿಸಿದೆ. ಮುದ್ರಿಸು ಎಂದು ಒತ್ತಿದೆ. ದೋಷ ಇಲ್ಲ, ಆಫ್‌ಲೈನ್ ಇಲ್ಲ. ‘ಮುದ್ರಿಸಲಾಗಿದೆ’ ಎಂದಿತು! ಪ್ರಿಂಟರಿನ ಬಾಯಿಗೆ ಎರಡೂ ಕೈ ಒಡ್ಡಿ ನಿಂತೆ.

ಏನೂ ಬರಲಿಲ್ಲ.

ಮತ್ತೆ ಒತ್ತಿದೆ. ‘ಮುದ್ರಿಸಲಾಗಿದೆ’. ಎಲ್ಲಿ ಮುದ್ರಿಸಲಾಗಿದೆ? ಯಾರು ಮುದ್ರಿಸಿದರು? ಕರ್ತೃವಿಲ್ಲದ ವಾಕ್ಯವನ್ನು ನಂಬಬಾರದು ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದೆ. ಈಗ ಅಂಥದೇ ವಾಕ್ಯದ ಮುಂದೆ ಕೈ ಒಡ್ಡಿ ನಿಂತಿದ್ದೇನೆ.

“ನೀನು ಒತ್ತಿದಾಗೆಲ್ಲ ಗೋಡೆ ಆಚೆ ಏನೋ ಗರಗರ ಅನ್ನತ್ತೆ ಕಣೋ,” ಎಂದಳು ಅಕ್ಕ.

“ಮಿಕ್ಸಿ ಇರಬೇಕು.”

“ಹೂಂ, ಮಿಕ್ಸಿ,” ಎಂದು ಕೋಲು ಊರಿಕೊಂಡು ಒಳಗೆ ಹೋದಳು.

ಜೂನ್ ೧೧, ಗುರುವಾರ

ಭಾರದುವಿಗೆ ಏನಾಗಿದೆಯೋ ಗೊತ್ತಿಲ್ಲ. ಬೆಳಿಗ್ಗೆ ಗೇಟನ್ನು ನಮ್ಮ ಗೋಡೆ ಅದುರುವಂತೆ ಬಡಿದಳು. ಕಾರಿನಲ್ಲಿ ಕೂತಿದ್ದ ಕಲಿಯುವವಳಿಗೆ, “ಕೆಲವರಿಗೆ ನಾವು ಸ್ವಾರ್ಥಿಗಳ ಥರ ಕಾಣ್ತೀವಮ್ಮ! ನಮ್ಮ ಮನೆಯೊಳಗೇ ಬಂದು ಬೈತಾರೆ!” ಎಂದಳು. ಆ ಹುಡುಗಿ ಹೆದರಿ ಹಾರ್ನ್ ಒತ್ತಿದಳು. ಇವಳ ಮನೆಯೊಳಗೆ ಹೋಗಿ ಬೈದವರು ಯಾರೋ. ಯಾರಾದರೂ ಸರಿ, ಅವರಿಗೆ ನನ್ನ ಬೆಂಬಲವಿದೆ.

ಇಂದೂ ‘ಮುದ್ರಿಸಲಾಗಿದೆ’. ಇಂದೂ ಇಲ್ಲ.

ಜೂನ್ ೧೩, ಶನಿವಾರ

ಹೇಗಿದ್ದರೂ ಮುದ್ರಣವಾಗುತ್ತಿಲ್ಲ, ವಾದವನ್ನಾದರೂ ಬಿಗಿ ಮಾಡೋಣ ಎಂದು ಸಾಕ್ಷ್ಯಕ್ಕಾಗಿ ಕಿಟಕಿಯ ಬಳಿ ಕೂತೆ. ಭಾರದು ನಿಲ್ದಾಣದಲ್ಲಿ ಕಾರು ನಿಲ್ಲಿಸುವುದನ್ನು ಕಣ್ಣಾರೆ ಕಂಡು ಹೊತ್ತು ಸಮೇತ ಬರೆಯಬೇಕೆಂದಿದ್ದೆ.

ನಿಲ್ಲಿಸಲಿಲ್ಲ. ಬಸ್ಸು ಬರುವುದು ಕಂಡರೆ, “ಬಿಡು, ಬಿಡು, ದಾರಿ ಬಿಡು, ದೊಡ್ಡೋರು ಬಂದ್ರು” ಎಂದು ಕಲಿಯುವವರನ್ನು ಬದಿಗೆ ಸರಿಸುತ್ತಾಳೆ. ಅದಕ್ಕಿಂತ ವಿಚಿತ್ರ ಇನ್ನೊಂದು ಕಂಡೆ. ಬಸ್ಸಿನಿಂದ ಇಳಿದವರಲ್ಲಿ ಅರ್ಧದಷ್ಟು ಜನ ನೇರ ಅವಳ ಗೇಟಿಗೇ ಹೋದರು. ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಕಾರು ಓಡಿಸುವುದನ್ನು ಕಲಿಯಲು ಬರುವವರು ಕಾರಿನಲ್ಲಿ ಬರುವುದಿಲ್ಲ. ಬಸ್ಸಿನಲ್ಲಿ ಬರುತ್ತಾರೆ.

ನಾಲ್ಕನೇ ಪರಿಚ್ಛೇದದಲ್ಲಿ ‘ಸ್ವಾರ್ಥಿಗಳು’ ತೆಗೆದು ‘ಕೆಲವರು’ ಎಂದು ಹಾಕಿದೆ. ಭಾಷೆ ಸಂಯಮದಿಂದಿದ್ದರೆ ವಾದಕ್ಕೆ ತೂಕ ಹೆಚ್ಚು. ಬೇರೇನಿಲ್ಲ.

ಒತ್ತಿದೆ. ಗರಗರ. ‘ಮುದ್ರಿಸಲಾಗಿದೆ’.

ಜೂನ್ ೧೫, ಸೋಮವಾರ

ಅಕ್ಕ ಆಸ್ಪತ್ರೆಗೆ ಹೋಗುವಾಗ ನಿಲ್ದಾಣದವರೆಗೆ ಜೊತೆಗೆ ಹೋದೆ. ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇದೆ. ಬಹಳ ದಿನದಿಂದ ಇದೆ, ಸಾರಿಗೆಯವರು ಇಟ್ಟದ್ದೆಂದುಕೊಂಡಿದ್ದೆ. ಬೆನ್ನಿಗೆ ಡ್ರೈವಿಂಗ್ ಸ್ಕೂಲಿನ ಹೆಸರಿದೆ.

“ಇದನ್ನ ಯಾವಾಗ ಇಟ್ಟಳು?”

“ನಾನು ಕೋಲು ಹಿಡಿದು ಹೊರಗೆ ಬಂದ ಮೊದಲ ವಾರ. ನೀನು ಆಗ ಪೇಪರ್‌ಗೆ ಫುಟ್‌ಪಾತ್ ಬಗ್ಗೆ ಬರೀತಿದ್ದೆ.”

ಮನೆಗೆ ಬಂದು ನಾಲ್ಕನೇ ಪರಿಚ್ಛೇದವನ್ನು ಪೂರ್ತಿ ತೆಗೆದೆ. ವಿಷಯಾಂತರವಾಗಿತ್ತು. ಪತ್ರ ಒಂದೇ ಪುಟದಲ್ಲಿ ಕೂರಬೇಕಲ್ಲ.

ಒತ್ತಿದೆ. ಈ ಯಂತ್ರ ನನ್ನ ಪತ್ರವನ್ನು ಏನು ಮಾಡುತ್ತಿದೆ? ತಿನ್ನುತ್ತಿದೆಯೇ? ಒಂದು ಕಾಗದವೂ ಖರ್ಚಾಗಿಲ್ಲ. ತಟ್ಟೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇದೆ.

ಜೂನ್ ೧೬, ಮಂಗಳವಾರ

ಗೇಟಿನ ಬಳಿ ನಿಂತಿದ್ದೆ. ಆಕೆ ಕಾರಿನೊಳಗಿಂದ ಕಲಿಯುವವನೊಬ್ಬನಿಗೆ ಗಟ್ಟಿಯಾಗಿ ಹೇಳುತ್ತಿದ್ದದ್ದು ಕೇಳಿಸಿತು: “ನಾಲ್ಕನೇದು ತೆಗೆದಿದ್ದು ಒಳ್ಳೇದಾಯ್ತು. ಅದು ಬೇಡವಾಗಿತ್ತು. ಈಗ ಸರಾಗ ಹೋಗ್ತಾ ಇದೆ.”

ಗೇರಿನ ವಿಷಯ. ಈ ಇಕ್ಕಟ್ಟು ಬೀದಿಯಲ್ಲಿ ನಾಲ್ಕನೇ ಗೇರು ಹಾಕಿಸುತ್ತಿದ್ದಳೇ? ಪರವಾಗಿಲ್ಲ, ತೆಗೆಸಿದಳಲ್ಲ. ಆದರೆ ಹೇಳುವಾಗ ಆಕೆ ನೋಡುತ್ತಿದ್ದದ್ದು ನನ್ನ ಕಡೆ. ಕಾರು ಆಗ ನಿಂತೇ ಇತ್ತು. ಇದೂ ಅರ್ಥವಾಗಲಿಲ್ಲ.

ಖಾಲಿಯಾದ ನಾಲ್ಕನೇ ಜಾಗದಲ್ಲಿ ಹೊಸ ವಾಕ್ಯ ಸೇರಿಸಿದೆ: ‘ಸ್ವಂತ ದುಡಿಮೆಯಿಂದ ವಾಹನ ತರಬೇತಿ ಶಾಲೆ ನಡೆಸುತ್ತಿರುವ ಇಲ್ಲಿನ ಮಹಿಳೆಯೊಬ್ಬರ ಶಿಷ್ಯರೂ ಈ ನಿಲ್ದಾಣವನ್ನೇ ಅವಲಂಬಿಸಿದ್ದಾರೆ.’ ಪುರಾವೆ ಎಷ್ಟಿದ್ದರೂ ಒಳ್ಳೆಯದು.

ಜೂನ್ ೧೭, ಬುಧವಾರ

ತಾಳ್ಮೆ ಹೋಯಿತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒತ್ತಿದ್ದೇ ಒತ್ತಿದ್ದು. ಗೋಡೆಯಾಚೆ ಆ ಮಿಕ್ಸಿ ನಿಲ್ಲಲೇ ಇಲ್ಲ. ಅವರ ಮನೆಯಲ್ಲಿ ಏನು ಮದುವೆಯೋ!

ಅಕ್ಕನ ಮಗಳು ಫೋನ್ ಎತ್ತಲಿಲ್ಲ. ಎತ್ತಿದಾಗ, “ಮಾವ, ಪ್ರಿಂಟ್ ಆಯ್ತು ಅಂತ ಹೇಳ್ತಿದ್ರೆ ಆಗಿದೆ ಅಂತಾನೇ ಅರ್ಥ. ಮನೇಲೆಲ್ಲ ಹುಡುಕಿ,” ಎಂದಳು. ಹುಡುಕಿದೆ. ಮಂಚದ ಕೆಳಗೂ ಹುಡುಕಿದೆ. ಈ ವಯಸ್ಸಿನಲ್ಲಿ.

ಜೂನ್ ೧೮, ಗುರುವಾರ

ನಾಳೆ ಕೊನೆಯ ದಿನ.

ಅಕ್ಕ ಮಧ್ಯಾಹ್ನ ಗಾಲಿಕುರ್ಚಿಯನ್ನು ಅಟ್ಟದಿಂದ ಇಳಿಸು ಎಂದಳು. ಯಾಕೆ ಎಂದೆ. “ಧೂಳು ಒರೆಸಿ ಇಡೋಣ ಅಂತ,” ಎಂದಳು. ತಮಾಷೆ ಇರಲಿಲ್ಲ ಮಾತಿನಲ್ಲಿ. ಇಳಿಸಲಿಲ್ಲ. ಇಳಿಸುವುದಿಲ್ಲ ಎಂದು ಕೂಗಿದೆ ಕೂಡ. ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಕಳೆದವನಿಗೆ ಒಂದು ಹಾಳೆ ಅಚ್ಚು ಮಾಡಲಾಗಲಿಲ್ಲ.

ನಾಳೆ ಕೈಯಲ್ಲೇ ಬರೆದುಕೊಂಡು ಹೋಗುತ್ತೇನೆ. ತೆಗೆದುಕೊಳ್ಳುವುದಿಲ್ಲ ಎನ್ನಲಿ. ಅಲ್ಲೇ ಕೂರುತ್ತೇನೆ.

ಜೂನ್ ೧೯, ಶುಕ್ರವಾರ

ಇಂದು ಆದದ್ದನ್ನು ಆದ ಹಾಗೇ ಬರೆಯಬೇಕು. ಇನ್ನೂ ಅರ್ಧ ಅರ್ಥವಾಗಿಲ್ಲ.

ಬೆಳಿಗ್ಗೆ ಕೈಬರಹದ ಪ್ರತಿ ಮಡಚಿ ಜೇಬಿಗಿಡುತ್ತಿದ್ದೆ. ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯವರು. ಕೈಯಲ್ಲಿ ಕಾಗದದ ಕಟ್ಟು.

“ತಿದ್ದಪ್ಪನೋರೇ, ಸಹಿ ಹಾಕ್ತೀರೋ, ಇಲ್ಲ ಇನ್ನೊಂದು ಕಳಿಸ್ತೀರೋ?”

ಅಕ್ಕ ಕಿಸಕ್ಕನೆ ನಕ್ಕಳು. ನನಗೂ ಒಂದು ಹೆಸರಿದೆಯೆಂದು ಈಗ ಗೊತ್ತಾಯಿತು.

ಕಟ್ಟಿನಲ್ಲಿದ್ದದ್ದು ನನ್ನ ಪತ್ರ. ಒಂದಲ್ಲ, ರಾಶಿ. ಒಂದೊಂದರ ಕೆಳಗೂ ಸಹಿಗಳು: ಕಾರು ಕಲಿಯುವವರದು, ಅವರ ಮನೆಯವರದು, ಬಸ್ಸಿಗೆ ಕಾಯುವವರದು.

“ಇದು ನಿಮ್ಮ ಕೈಗೆ ಹೇಗೆ...”

“ಹೇಗೆ ಅಂದ್ರೆ? ಕಳಿಸಿದೋರು ನೀವೇ ತಾನೆ? ಮೊದಲ ದಿನ ನನ್ನ ಪ್ರಿಂಟರಿಂದ ಗರಗರ ಅಂತ ಬಂದಾಗ ಮೈಯೆಲ್ಲ ಉರೀತು. ನನ್ನನ್ನ ಬೈಯೋಕೆ ನನ್ನ ಇಂಕೇ ಬೇಕಿತ್ತಾ ಈ ಮನುಷ್ಯನಿಗೆ ಅಂತ. ಹರಿದು ಹಾಕ್ದೆ. ಆಮೇಲೆ ನೋಡ್ತೀನಿ, ಜ್ವರ ಇಳಿದ ಹಾಗೆ ಇಳೀತಾ ಬಂತು. ಸ್ವಾರ್ಥಿಗಳು ಹೋಗಿ ಕೆಲವರು ಆಯ್ತು. ಕೆಲವರು ಹೋಗಿ ಖಾಲಿ ಆಯ್ತು. ಕೊನೆಗೆ ನೋಡಿದ್ರೆ ‘ಸ್ವಂತ ದುಡಿಮೆಯಿಂದ’ ಅಂತ ನಾನೇ ಬಂದುಬಿಟ್ಟೆ! ಬಾಯಲ್ಲಿ ಹೇಳೋಕಾಗ್ದೋರು ಹೀಗೂ ಹೇಳ್ತಾರೆ ಅಂತ ನನಗೆ ಗೊತ್ತಿರ್ಲಿಲ್ಲ ಸಾರ್.”

ಪಟ್ಟಿಯಲ್ಲಿ ಎರಡು ಸಲ ಬಿದ್ದಿದ್ದ ಆ ಹೆಸರು ಕಣ್ಣ ಮುಂದೆ ಬಂತು. ಮೊದಲನೆಯದು. ಎರಡನೆಯದು. ಒಂದೇ ಪೆಟ್ಟಿಗೆ, ಒಂದೇ ಜಾತಿಯ ಯಂತ್ರ, ನಡುವೆ ಒಂದು ಗೋಡೆ. ನಾನು ಹೊಡೆದುಹಾಕಿದ್ದು ನನ್ನದನ್ನೇ.

ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನ ಕೋಲು ನನ್ನ ಪಾದದ ಮೇಲೆ ಬಂದು ಭಾರವಾಗಿ ನಿಂತಿತು. ಬಾಯಿ ಮುಚ್ಚಿದೆ.

“ಮೊನ್ನೆ ಇಷ್ಟೊಂದು ಕಳಿಸಿದ್ರಲ್ಲ, ಹಂಚೋಕೆ ಅಂತ ಗೊತ್ತಾಯ್ತು. ಹಂಚಿದೀನಿ. ಒಂದೇ ಒಂದು ತಪ್ಪಿತ್ತು, ಎಲ್ಲಾದ್ರಲ್ಲೂ ನಾನೇ ಪೆನ್ನಲ್ಲಿ ಸರಿ ಮಾಡಿದೀನಿ.”

“ತಪ್ಪೇ? ನನ್ನದರಲ್ಲೇ?”

ಬೆರಳಿಟ್ಟು ತೋರಿಸಿದರು. ಎರಡನೇ ಪರಿಚ್ಛೇದ. ವೃದ್ದರು. ಒತ್ತಕ್ಷರದ ಹೊಟ್ಟೆಗೆ ಕೆಂಪು ಪೆನ್ನಿನಿಂದ ಒಂದು ಸೀಳು ಹಾಕಿದ್ದರು.

“ನನ್ನ ಗೇಟಿಂದ ಕೆರೆದು ತಗೊಂಡು ಹೋಗಿದ್ರಲ್ಲ, ಅದು ಇಲ್ಲಿಗೆ ಬೇಕಿತ್ತು. ಹಾಕಿದೀನಿ.”

ಸಹಿ ಹಾಕಿದೆ.

ಅವರ ಕಾರಿನಲ್ಲೇ ಹೋದೆವು. ಅಕ್ಕ ಹಿಂದೆ ಕಾಲು ಚಾಚಿಕೊಂಡಳು. ನಾನು ಮುಂದೆ, ಕಲಿಸುವವರು ಕೂರುವ ಜಾಗದಲ್ಲಿ. ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇತ್ತು.

“ಅದನ್ನ ಮುಟ್ಟಬೇಡಿ ಮತ್ತೆ. ಎಲ್ಲರನ್ನೂ ನಿಲ್ಲಿಸಿ ತಿದ್ದೋ ಅಭ್ಯಾಸ ನಿಮಗೆ.”

ಕಚೇರಿಯ ಗುಮಾಸ್ತ ಕಟ್ಟನ್ನು ತಿರುವಿ ಹಾಕಿದ. ಕೆಂಪು ಗುರುತು ಕಂಡಿತು. “ಕೈಬರಹ ತಗೊಳ್ಳಲ್ಲ,” ಎಂದ. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಮುಟ್ಟುವುದರಲ್ಲಿತ್ತು. ಪತ್ರದಲ್ಲಿ ತಪ್ಪೇ ಇರಲಿ, ಗುರುತಿಲ್ಲದ ಪ್ರತಿ ಒಂದಾದರೂ ಇದೆಯೇ ಎಂದು ನಾನು ಹುಡುಕತೊಡಗಿದೆ. ನಾನು!

ಪಕ್ಕದ ಮನೆಯವರು ಮೇಜಿನ ಮೇಲೆ ಕೈಯೂರಿದರು.

“ಕೈಬರಹ ಅಲ್ಲಪ್ಪ ಅದು, ಮಹಾಪ್ರಾಣ.”

“ಅಂದ್ರೆ?”

“ಅಂದ್ರೆ, ಅದಿಲ್ಲದಿದ್ರೆ ಇಲ್ಲಿರೋ ವಯಸ್ಸಾದೋರು ಯಾರೂ ಉಳಿಯಲ್ಲ. ಬೇಕಾದ್ರೆ ಇವರನ್ನ ಕೇಳು, ವ್ಯಾಕರಣದೋರು.”

ಗುಮಾಸ್ತ ನನ್ನ ಮುಖ ನೋಡಿದ. ನಾನು ಗಂಭೀರವಾಗಿ ತಲೆಯಾಡಿಸಿದೆ. ಅವನು ಮೊಹರು ಹೊಡೆದ.

ಮನೆಗೆ ಬಂದ ಮೇಲೆ ಅಕ್ಕನನ್ನು ಕೇಳಿದೆ: “ನಿನಗೆ ಗೊತ್ತಿತ್ತಾ?”

“ಗರಗರ ಅನ್ನತ್ತೆ ಅಂತ ಹೇಳಿದ್ನಲ್ಲ. ನೀನೇ ಮಿಕ್ಸಿ ಅಂದೆ.”

“ಅವರಿಗೆ ನಿಜ ಹೇಳಬೇಕಲ್ವಾ?”

“ಯಾವ ನಿಜ? ಬರೆದೋನು ನೀನೇ, ಕಳಿಸಿದೋನು ನೀನೇ. ಎಲ್ಲಿಗೆ ಅಂತ ನೋಡ್ಕೊಂಡಿರ್ಲಿಲ್ಲ, ಅಷ್ಟೇ.”

ಈ ದಿನಚರಿಯ ನಾಲ್ಕನೇ ತಾರೀಖಿನ ಪುಟಕ್ಕೆ ಹೋಗಿ ನೋಡಿದೆ. ಕೈಯಲ್ಲಿ ನಕಲು ಮಾಡಿಕೊಂಡಾಗಲೂ ಹೊಟ್ಟೆ ಸೀಳಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ಜುಲೈ ೯, ಗುರುವಾರ

ಕಂಬದ ಮೇಲೆ ಹೊಸ ನೋಟಿಸ್. ‘ಸ್ತಳಾಂತರದ ಪ್ರಸ್ತಾವವನ್ನು ಸದ್ಯಕ್ಕೆ ಕೈಬಿಡಲಾಗಿದೆ’. ‘ಸದ್ಯಕ್ಕೆ’ ಎಂಬ ಪದವನ್ನು ನಾನು ನಂಬುವವನಲ್ಲ, ನೆನಪಿಟ್ಟುಕೊಂಡಿರುತ್ತೇನೆ. ‘ಸ್ಥ’ದಲ್ಲಿ ಮಹಾಪ್ರಾಣ ಇಲ್ಲ. ಓದಿದರೆ ಅರ್ಥವಾಗುತ್ತದೆ.

ಅದರ ಕೆಳಗೆ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಬಸ್ಸು ಬಂತು. ಕಂಡಕ್ಟರ್ ಕೈ ಚಾಚಿದ. ಅವನ ಕೈಗೆ ಕೋಲು ಕೊಟ್ಟು ತಾನೇ ಹತ್ತಿದಳು.

ರಜೆಗೆ ಅಕ್ಕನ ಮಗಳು ಬಂದಿದ್ದಾಳೆ. ಕಂಪ್ಯೂಟರ್ ಮುಂದೆ ಕೂತು ಎರಡು ನಿಮಿಷದಲ್ಲಿ ಎಲ್ಲ ಕಂಡುಹಿಡಿದು, ನಕ್ಕು ನಕ್ಕು ನೆಲಕ್ಕೆ ಇಳಿದಳು. ನಮ್ಮ ಪ್ರಿಂಟರನ್ನು ಪಟ್ಟಿಗೆ ವಾಪಸ್ ಸೇರಿಸಿದಳು. ನೋಟಿಸಿನ ಚಿತ್ರ ತೆಗೆದು ಮುದ್ರಿಸಿ ಕೊಡು ಎಂದೆ. ನಮ್ಮದರ ಬಾಯಿಂದಲೇ ಬಿಸಿಬಿಸಿಯಾಗಿ ಬಂತು.

“ಈಗ ಒಂದೇ ಹೆಸರಿನವು ಎರಡಿವೆ ಮಾವ. ಪಕ್ಕದ ಮನೇದನ್ನ ತೆಗೆದುಬಿಡ್ಲಾ? ಇಲ್ಲಾಂದ್ರೆ ಮತ್ತೆ ಗೊಂದಲ ಆಗತ್ತೆ.”

“ಇರಲಿ,” ಎಂದೆ.